ಹಣೆಬರಹವೋ, ಮನೆಯ ಗಾಳಿಯೋ?

ನಂದಿ ಬೆಟ್ಟ ಹತ್ತಿ ಶ್ರೀ ಯೋಗನಂದೀಶ್ವರನ ಸನ್ನಿಧಿಗೆ ಬರುವವರಲ್ಲಿ ಮಕ್ಕಳ ವಿದ್ಯೆಗಾಗಿ ಹರಕೆ ಹೊತ್ತ ತಾಯ್ತಂದೆಯರೂ ಇರುತ್ತಾರೆ. "ಇವನಿಗೆ ಓದು ತಲೆಗೆ ಹತ್ತೋದಿಲ್ಲ ಸ್ವಾಮಿ, ಹಣೇಲಿ ಬರೆದಿಲ್ಲ" ಎಂದು ಮಗುವಿನ ಎದುರಿಗೇ ಹೇಳಿಬಿಡುತ್ತಾರೆ. ಕೇಳಿಸಿಕೊಂಡ ಮಗು ತಲೆ ತಗ್ಗಿಸಿ ನಿಲ್ಲುತ್ತದೆ. ನಡತೆ, ಬುದ್ಧಿ ಇವು ಹುಟ್ಟುತ್ತಲೇ ಬರುವುವೋ, ಬೆಳೆದ ಪರಿಸರ ಕೊಡುವುದೋ? ಪರಿಸರವೇ ಕೊಡುವುದಾದರೆ, ಕಲಿಯದೆ ಹೋದ ಮಗುವಿನ ತಪ್ಪು ಯಾರ ಲೆಕ್ಕಕ್ಕೆ?

ಈ ಸೀಮೆಯ ರೇಷ್ಮೆ ಬೆಳೆಗಾರನಿಗೆ ಅರ್ಧ ಉತ್ತರ ಗೊತ್ತೇ ಇದೆ. ಶಿಡ್ಲಘಟ್ಟದ ಕಡೆ ಒಂದೇ ಮೊಟ್ಟೆಯನ್ನು ಇಬ್ಬರು ಹಂಚಿಕೊಂಡು ಸಾಕಿದರೆ, ಒಬ್ಬನಿಗೆ ಗಟ್ಟಿ ಗೂಡು ಬಂದು ಇನ್ನೊಬ್ಬನ ಹುಳು ತಿಪ್ಪೆಗೆ ಹೋಗುವುದುಂಟು. ತಳಿಯೂ ಮುಖ್ಯ, ಇಲ್ಲವೆನ್ನಲಾಗದು. ಆದರೆ ಚಾಕಿ ಹುಳುವಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಮನೆ ಬೆಚ್ಚಗಿರಬೇಕು, ತೇವ ಆರಬಾರದು. ದೊಡ್ಡ ಹುಳುವಿಗೆ ಗಾಳಿ ಆಡಬೇಕು. ಜ್ವರಕ್ಕೆ ಕೂತಾಗ ಸೊಪ್ಪು ಹಾಕದೆ ಸುಮ್ಮನೆ ಬಿಡಬೇಕು. ಹೀಗೆ ನಾಲ್ಕು ಜ್ವರ ದಾಟಿದ ಮೇಲೇ ಹಣ್ಣಾಗುವುದು, ಅವಸರ ಮಾಡಿದರೆ ಕೆಟ್ಟಿತು. ಬೆಳೆ ಹೋದರೆ ಹುಳುವಿನ ಹಣೆಬರಹ ಅಂತ ರೈತ ಕೈಕಟ್ಟಿ ಕೂರುವುದಿಲ್ಲ. ಸೊಪ್ಪು ಒದ್ದೆ ಇತ್ತೇ, ಹೊಗೆ ತಾಗಿತೇ ಎಂದು ಮನೆಯನ್ನೇ ತಡಕುತ್ತಾನೆ. ಅದೇ ರೈತ ಮಗನ ವಿಷಯಕ್ಕೆ ಬಂದರೆ ಮನೆಯ ಕಡೆ ನೋಡುವುದಿಲ್ಲ. ದಿನಾ ಬೈಗುಳ ಕೇಳಿ ಬೆಳೆದ ಹುಡುಗ ಶಾಲೆಯಲ್ಲೂ ಬೈಯುತ್ತಾನೆ. ಹೊಡೆತಕ್ಕೆ ಹೆದರಿದವನಿಗೆ ಗೊತ್ತಿರುವ ಲೆಕ್ಕವೂ ಮರೆಯುತ್ತದೆ. ಇದನ್ನೆಲ್ಲ ಹಣೆಯ ಮೇಲೆ ಹಾಕುವುದು ನ್ಯಾಯವೇ?

"ಬಡತನದಲ್ಲಿ ಬೆಳೆದ ವಿಶ್ವೇಶ್ವರಯ್ಯನವರು ಮೇಲೆ ಬರಲಿಲ್ಲವೇ?" ಎಂದು ಕೇಳುವವರಿದ್ದಾರೆ. ಬಂದರು, ನಿಜ. ಬೆಟ್ಟದ ಸಮೀಪದ ಮುದ್ದೇನಹಳ್ಳಿಯವರು, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಆದರೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿತ್ತು. ಇನ್ನೊಂದು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಓದಿಗೆ ದಾರಿ ಮಾಡಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಗೆ ಕಳುಹಿಸಿತು. ಬುದ್ಧಿ ಅವರದೇ, ಅನುಮಾನವಿಲ್ಲ. ಆಸರೆ ಸಿಗದ ಅಂಥ ಬುದ್ಧಿವಂತರು ಎಷ್ಟು ಮಂದಿ ದನ ಕಾಯುತ್ತಲೇ ಉಳಿದರೋ, ಅವರ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಗೌರಿಬಿದನೂರು ತಾಲೂಕಿನ ಹೊಸೂರಿನ ಹೆಚ್. ನರಸಿಂಹಯ್ಯನವರದು ಇನ್ನೂ ಗಟ್ಟಿ ಉದಾಹರಣೆ. ಮಿಡ್ಲ್‌ಸ್ಕೂಲ್ ಮುಗಿದ ಮೇಲೆ ಹತ್ತಿರದಲ್ಲಿ ಹೈಸ್ಕೂಲು ಇರಲಿಲ್ಲ. ಬಸ್ಸಿಗೆ ಕಾಸಿಲ್ಲದ ಹುಡುಗ 1935ರಲ್ಲಿ ಎರಡು ದಿನ ನಡೆದೇ ಬೆಂಗಳೂರು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದರು. ನಡೆದ ಕಾಲು ಅವರದು, ಅದನ್ನು ಯಾವ ಪರಿಸರವೂ ಕೊಟ್ಟದ್ದಲ್ಲ. ಆದರೆ ದಾರಿಯ ತುದಿಯಲ್ಲಿ ಬಾಗಿಲು ತೆರೆದ ಶಾಲೆ ಇಲ್ಲದಿದ್ದರೆ ಆ ನಡಿಗೆ ಏನಾಗುತ್ತಿತ್ತು? 1960ರಲ್ಲಿ ಅಮೆರಿಕದ ಓಹಿಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. (ದೇವಮಾನವರನ್ನೂ ಬಿಡದೆ ಪ್ರಶ್ನೆ ಕೇಳಿದವರು, ಅದು ಬೇರೆ ಮಾತು.) ಮದುವೆಯಾಗದೆ ಹಾಸ್ಟೆಲ್ ಕೋಣೆಯಲ್ಲೇ ಬಾಳಿದ ಆ ಮೇಷ್ಟ್ರ ಶ್ರಮದಿಂದ ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂತು.