ಸಿಹಿಯೂ ಸವಿಯೂ

ಧ್ಯಾನಕ್ಕೆ ಆಧಾರ : ಕೀರ್ತನೆ ೩೪ : ೮



ನಮ್ಮ ಕನ್ನಡದಲ್ಲಿ ಸಿಹಿ ಎಂಬ ಮಾತೂ ಸವಿ ಎಂಬ ಮಾತೂ ಅಕ್ಕತಂಗಿಯರ ಹಾಗೆ ಒಂದೇ ಮನೆಯಲ್ಲಿ ವಾಸಮಾಡುತ್ತವೆ. ಬೆಲ್ಲವನ್ನು ಸಿಹಿ ಎನ್ನುತ್ತೇವೆ, ಸವಿ ಎಂದೂ ಎನ್ನುತ್ತೇವೆ. ಜೇನಿಗೂ ಮಾವಿನ ಹಣ್ಣಿಗೂ ಎರಡು ಮಾತುಗಳೂ ಸಲ್ಲುತ್ತವೆ. ಆದಕಾರಣ ಇವೆರಡೂ ಒಂದೇ ಎಂದು ಎಣಿಸುವವರು ಬಹಳ. ೧೮೯೪ನೆಯ ಇಸವಿಯಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಪಂಡಿತರ ನಿಘಂಟಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಸ್ಥಾನ ಉಂಟು. ಆದರೆ ಇವುಗಳ ಭೇದವನ್ನು ನಾವು ನಿಘಂಟಿನಿಂದಲೂ ಕಲಿಯಲಿಲ್ಲ, ದೇವಶಾಸ್ತ್ರದ ಪಾಠಶಾಲೆಯಲ್ಲಿಯೂ ಕಲಿಯಲಿಲ್ಲ. ಒಂದು ದುಃಖದ ಮನೆಯಲ್ಲಿ ಕಲಿತೆವು.

ಕೆಲವು ವರುಷಗಳ ಹಿಂದೆ ನಾವು ಒಂದು ಸಣ್ಣ ಸಭೆಯಲ್ಲಿ ಸೇವೆ ಮಾಡುತ್ತಿರುವಾಗ, ದೀಕ್ಷಾಸ್ನಾನ ಹೊಂದಿ ಎರಡು ವರುಷ ತುಂಬದ ಒಬ್ಬ ವಿಧವೆಯ ಒಬ್ಬನೇ ಮಗನು ಹೊಲದಲ್ಲಿ ಹಾವು ಕಚ್ಚಿ ಸತ್ತನು. ಹಳೆಯ ದೇವರನ್ನು ಬಿಟ್ಟದ್ದಕ್ಕೆ ಇದೇ ಫಲವೆಂದು ಆಕೆಯ ಬಂಧುಗಳು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ನಾವು ಒಳಗೆ ಹೋಗಿ, ಕುಳಿತುಕೊಳ್ಳುವದಕ್ಕೆ ಮೊದಲೇ, “ಅಮ್ಮಾ, ದೇವರ ಪ್ರೀತಿಯು ಜೇನಿಗಿಂತಲೂ ಸಿಹಿಯಾದದ್ದು” ಎಂದು ಉಪದೇಶಕ್ಕೆ ಪ್ರಾರಂಭಿಸಿದೆವು. ಆಕೆಯು ತಲೆಯೆತ್ತಿ, “ಉಪದೇಶಿಯವರೇ, ನನ್ನ ಬಾಯಿ ಬೇವಾಗಿದೆ. ಸಿಹಿ ಸಿಹಿ ಎಂದು ನನ್ನ ಮುಂದೆ ಹೇಳಬೇಡಿರಿ” ಅಂದಳು. ನಮಗೆ ಉತ್ತರ ಹೊಳೆಯಲಿಲ್ಲ. ನಾಚಿಕೊಂಡು ಎದ್ದುಬಂದೆವು. ಆ ರಾತ್ರಿ ನಮ್ಮ ಮನಸ್ಸು ಕೇಳಿದ್ದೇನಂದರೆ: ಆಕೆಯ ಮಾತು ಸತ್ಯ, ಹಾಗಾದರೆ ಕೀರ್ತನೆಗಾರನ ಮಾತು ಸುಳ್ಳೋ? ಯೆಹೋವನು ಒಳ್ಳೆಯವನೆಂಬದನ್ನು ಸವಿದು ತಿಳಿದುಕೊಳ್ಳಬೇಕೆಂದು ಅವನು ಎಲ್ಲರನ್ನೂ ಕರೆಯುತ್ತಾನಲ್ಲಾ; ಬಾಯಿ ಕಹಿಯಾದವರು ಆ ಕರೆಗೆ ಹೊರಗಿನವರೋ?

ಮೊದಲನೆಯದಾಗಿ, ಮಾತುಗಳ ಭೇದವನ್ನು ನೋಡುವಾ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರುಚಿಗಳನ್ನು ನಮ್ಮ ಹಿರಿಯರು ಎಣಿಸಿದರು. ಸಿಹಿ ಈ ಆರರಲ್ಲಿ ಒಂದು; ಸವಿಯಾದರೋ ಆರರಲ್ಲಿಯೂ ಇರಬಲ್ಲದು. ಮಧ್ಯಾಹ್ನದ ತನಕ ನೇಗಿಲು ಹಿಡಿದು ಮನೆಗೆ ಬಂದವನ ಮುಂದೆ ರಾಗಿಯ ಮುದ್ದೆಯನ್ನೂ ಸೊಪ್ಪಿನ ಸಾರನ್ನೂ ಇಟ್ಟರೆ, ಅದರಲ್ಲಿ ಬೆಲ್ಲದ ಚೂರೂ ಇಲ್ಲ. ಆ ಊಟವನ್ನು ಯಾರೂ ಸಿಹಿ ಎನ್ನರು. ಆದರೂ ಸವಿಯಾಗಿದೆ ಎಂದು ಅವನು ಬೆರಳು ನೆಕ್ಕುವನು. ಹಾಗಲಕಾಯಿ ಕಹಿಯಲ್ಲವೋ? ಅದರ ಪಲ್ಯವನ್ನು ಕೇಳಿ ಹಾಕಿಸಿಕೊಳ್ಳುವವರು ನಮ್ಮಲ್ಲಿ ಇಲ್ಲವೋ?

ಇನ್ನೊಂದು ಭೇದವೂ ಉಂಟು. ಸವಿದೆನು, ಸವಿಯುತ್ತೇನೆ ಎಂದು ಹೇಳುತ್ತೇವೆ. ಸಿಹಿದೆನು ಎಂದು ಯಾರೂ ಹೇಳುವದಿಲ್ಲ. ಸಿಹಿ ಎಂಬದು ಪದಾರ್ಥದಲ್ಲಿರುವ ಗುಣ. ಸವಿ ಎಂಬದಕ್ಕೆ ಉಣ್ಣುವವನು ಬೇಕು, ಅವನಿಗೆ ಹಸಿವು ಬೇಕು, ಸಾವಕಾಶ ಬೇಕು. ಗಡಿಗೆಯಲ್ಲಿ ಮುಚ್ಚಿಟ್ಟ ಬೆಲ್ಲವು ಸಿಹಿಯೇ. ತಿನ್ನದವನಿಗೆ ಅದರ ಸವಿ ತಿಳಿಯದು. ಸತ್ಯವೇದವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟು, ಭಾನುವಾರ ಮಾತ್ರ ಕಂಕುಳಲ್ಲಿ ಹಿಡಿದು ಬರುವವರು ಇದನ್ನು ಯೋಚಿಸಲಿ.

ಎರಡನೆಯದಾಗಿ, ಬರೀ ಸಿಹಿಯನ್ನು ನಂಬಬಾರದು. ಸೂರ್ಯೋದಯಕ್ಕೆ ಮುಂಚೆ ಈಚಲ ಮರದಿಂದ ಇಳಿಸಿದ ನೀರಾ ಸಿಹಿಯಾಗಿರುತ್ತದೆ. ಬಿಸಿಲೇರಿದ ಹಾಗೆ ಅದೇ ಹುಳಿತು ಹೆಂಡವಾಗುತ್ತದೆ. ಆ ಹೆಂಡವು ಎಷ್ಟು ಮನೆಗಳ ಒಲೆಗಳನ್ನು ಆರಿಸಿತೆಂಬದು ನಿಮಗೆ ತಿಳಿದದ್ದೇ. ಮೋಸದಿಂದ ಸಿಕ್ಕಿದ ರೊಟ್ಟಿ ಮೊದಲು ರುಚಿಸಿದರೂ ಕಡೆಗೆ ಬಾಯಲ್ಲಿ ಮರಳಾಗುವದೆಂದು ಜ್ಞಾನೋಕ್ತಿ ೨೦ : ೧೭ರಲ್ಲಿ ಓದುತ್ತೇವೆ. ಜೇನನ್ನು ಅತಿಯಾಗಿ ತಿಂದವನು ಕಾರುವನೆಂದು ೨೫ : ೧೬ರಲ್ಲಿ ಎಚ್ಚರಿಕೆ ಉಂಟು. ೨೭ : ೭ರಲ್ಲಿಯೋ, ಹೊಟ್ಟೆ ತುಂಬಿದವನಿಗೆ ಜೇನುತುಪ್ಪವೂ ಬೇಸರವೆಂದೂ, ಹಸಿದವನಿಗೆ ಕಹಿಯೂ ಹಿತವೆಂದೂ ತಿಳಿಸಿದೆ. ನಮ್ಮ ಸಭೆಗಳಲ್ಲಿಯೂ ಸಿಹಿಗಾಗಿ ಬಂದವರು ಉಂಟು. ಮಗನಿಗೆ ಶಾಲೆ, ಕಷ್ಟಕಾಲದಲ್ಲಿ ಸಹಾಯ, ಸಾಹುಕಾರನ ಮುಂದೆ ನಮ್ಮ ಪರವಾಗಿ ಒಂದು ಮಾತು, ಇವುಗಳನ್ನು ಬಯಸುವದು ಪಾಪವಲ್ಲ. ಆದರೆ ಇವುಗಳಿಗಾಗಿ ಮಾತ್ರ ಬಂದವನು ಮೊದಲನೆಯ ಕಹಿ ಬಾಯಿಗೆ ಬಂದ ದಿನವೇ ಎದ್ದುಹೋಗುವನು.

ಮೂರನೆಯದಾಗಿ, ಬಾಯಿ ಕಹಿಯಾದ ಒಬ್ಬಾಕೆಯನ್ನು ನೋಡುವಾ. ಬೇತ್ಲೆಹೇಮಿನಲ್ಲಿ ಬರವುಂಟಾದಾಗ ನೊವೊಮಿಯು ಗಂಡನ ಮತ್ತು ಇಬ್ಬರು ಗಂಡುಮಕ್ಕಳ ಸಂಗಡ ಮೋವಾಬ್ ದೇಶಕ್ಕೆ ಹೋದಳು. ಅಲ್ಲಿ ಗಂಡನು ಸತ್ತನು, ಮಕ್ಕಳಿಬ್ಬರೂ ಸತ್ತರು. ಬರಿಗೈಯಲ್ಲಿ ಊರಿಗೆ ತಿರುಗಿಬಂದಾಗ ಊರಿನ ಹೆಂಗಸರು ಆಕೆಯನ್ನು ಗುರುತಿಸಿ ಆಶ್ಚರ್ಯಪಟ್ಟರು. ಇಬ್ರಿಯ ಭಾಷೆಯಲ್ಲಿ ನೊವೊಮಿ ಎಂಬ ಹೆಸರಿಗೆ ಇನಿದಾದವಳು, ರಮ್ಯವಾದವಳು ಎಂದರ್ಥ. ಆ ಹೆಸರಿನಿಂದ ತನ್ನನ್ನು ಕರೆಯಬಾರದೆಂದೂ, ಮಾರಾ ಎಂದು, ಅಂದರೆ ಕಹಿಯಾದವಳು ಎಂದು, ಕರೆಯಬೇಕೆಂದೂ ಆಕೆಯು ಹೇಳಿದಳು. ಪ್ರಿಯರೇ, ಹೀಗೆ ಮಾತಾಡಿದ್ದಕ್ಕಾಗಿ ದೇವರು ಆಕೆಯನ್ನು ಗದರಿಸಿದನೆಂದು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಕಹಿಯನ್ನು ಕಹಿ ಎನ್ನುವದು ಅವಿಶ್ವಾಸವಲ್ಲ.

ಮುಂದೆ ಏನಾಯಿತು? ಜವೆಗೋಧಿಯ ಸುಗ್ಗಿ ಪ್ರಾರಂಭವಾಗಿತ್ತು. ಸೊಸೆಯಾದ ರೂತಳು ಹಕ್ಕಲಾಯಲು ಹೋದಳು. ಊಟದ ಹೊತ್ತಿನಲ್ಲಿ ಹೊಲದ ಯಜಮಾನನಾದ ಬೋವಜನು ಆಕೆಯನ್ನು ಹತ್ತಿರ ಕರೆದು, ರೊಟ್ಟಿಯ ತುತ್ತನ್ನು ಹುಳಿರಸದಲ್ಲಿ ಅದ್ದಿ ತಿನ್ನಲು ಹೇಳಿ, ಹುರಿದ ತೆನೆಯನ್ನು ಕೊಟ್ಟನು (ರೂತ ೨ : ೧೪). ಹುಳಿರಸ, ಹುರಿದ ಕಾಳು: ಇದರಲ್ಲಿ ಸಿಹಿ ಎಲ್ಲಿ? ಆದರೂ ಆಕೆಯು ತೃಪ್ತಿಯಾಗಿ ತಿಂದು, ಉಳಿಸಿದ್ದನ್ನು ಅತ್ತೆಗಾಗಿ ತಂದಳು. ಗಂಡನೂ ಮಕ್ಕಳೂ ತಿರುಗಿ ಬರಲಿಲ್ಲ. ಆದರೆ ಮಾರಾ ಎಂದು ತನ್ನನ್ನು ಕರೆದುಕೊಂಡಿದ್ದ ಆಕೆಯೇ ಆ ಸಾಯಂಕಾಲ, ಬದುಕಿರುವವರಿಗೂ ಸತ್ತವರಿಗೂ ದಯೆತೋರಿಸುವದನ್ನು ಬಿಡದ ಯೆಹೋವನನ್ನು ಕೊಂಡಾಡಿದಳು. ಸಿಹಿ ಬರುವದಕ್ಕೆ ಮೊದಲೇ ಸವಿ ಬಂತು.

ನಾವು ಬಿಟ್ಟುಬಂದ ಆ ವಿಧವೆಯ ಮನೆಯಲ್ಲಿಯೂ ಹೀಗೆಯೇ ಆಯಿತು. ನಮ್ಮ ಸಭೆಯ ಒಬ್ಬ ಬಡ ಕೂಲಿಯ ಹೆಂಗಸು ಅಂದು ಸಂಜೆ ಒಂದು ಚೆಂಬು ಗಂಜಿಯನ್ನೂ ಒಂದು ಹರಳು ಉಪ್ಪನ್ನೂ ತೆಗೆದುಕೊಂಡು ಹೋದಳು. ಆಕೆಗೆ ಓದು ಬಾರದು, ಉಪದೇಶ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು, ತಾನೂ ಅತ್ತು, ಗಂಜಿ ಕುಡಿಸಿದಳು. ದಿನಾಲು ಕೂಲಿ ಮುಗಿಸಿ ಹಾಗೆಯೇ ಹೋದಳು. ಮೂರನೆಯ ಭಾನುವಾರ ಆ ವಿಧವೆಯು ಆರಾಧನೆಗೆ ಬಂದು ಬಾಗಿಲ ಬಳಿಯಲ್ಲಿ ಕುಳಿತಳು. ಆರಾಧನೆ ತೀರಿದ ಮೇಲೆ ನಮಗೆ ಹೇಳಿದ್ದೇನಂದರೆ: “ಉಪದೇಶಿಯವರೇ, ನನ್ನ ಬಾಯಿಗೆ ಸಿಹಿ ಇನ್ನೂ ಹತ್ತದು. ಆದರೆ ಆ ಗಂಜಿಯ ಸವಿಯನ್ನು ಮರೆಯಲಾರೆನು. ಅದನ್ನು ಕಳುಹಿಸಿದಾತನು ಯಾರೆಂದು ನನಗೆ ಗೊತ್ತು.” ನಮ್ಮ ಎಷ್ಟೋ ವರುಷದ ಪ್ರಸಂಗಗಳಿಗಿಂತ ಆ ಮಾತು ದೊಡ್ಡದು.

ಕಡೆಯದಾಗಿ, ಈ ಕೀರ್ತನೆಯು ಯಾವ ಸಮಯಕ್ಕೆ ಸಂಬಂಧಪಟ್ಟದ್ದೆಂದು ಅದರ ತಲೆಬರಹವೇ ತಿಳಿಸುತ್ತದೆ. ದಾವೀದನು ಸೌಲನಿಗೆ ಹೆದರಿ ಓಡಿಹೋಗಿ, ಶತ್ರುಗಳ ಮಧ್ಯದಲ್ಲಿ ಹುಚ್ಚನಂತೆ ನಟಿಸಿ ಪ್ರಾಣ ಉಳಿಸಿಕೊಂಡ ಕಾಲವದು; ಅರಮನೆಯ ಔತಣದ ಕಾಲವಲ್ಲ. ಇದೇ ಕೀರ್ತನೆಯಲ್ಲಿ ನೀತಿವಂತನಿಗೆ ಕಷ್ಟಗಳು ಅನೇಕವೆಂದೂ, ಮುರಿದ ಮನಸ್ಸುಳ್ಳವರಿಗೆ ಯೆಹೋವನು ಸಮೀಪನೆಂದೂ ಹೇಳಿದೆ. ಇಷ್ಟೇ ಅಲ್ಲ. ೧ ಪೇತ್ರ ೨ : ೩ರಲ್ಲಿ ವಿಶ್ವಾಸಿಗಳು ಕರ್ತನ ದಯೆಯನ್ನು ರುಚಿನೋಡಿದವರೆಂದು ಹೇಳುವಲ್ಲಿ ಗ್ರೀಕ ಭಾಷೆಯ ಯಾವ ಕ್ರಿಯಾಪದ ಉಂಟೋ, ಇಬ್ರಿಯ ೨ : ೯ರಲ್ಲಿ ಯೇಸು ನಮ್ಮೆಲ್ಲರಿಗೋಸ್ಕರ ಮರಣವನ್ನು ಅನುಭವಿಸಿದನೆಂದು ಹೇಳುವಲ್ಲಿಯೂ ಅದೇ ಕ್ರಿಯಾಪದ ಉಂಟು. ಶಿಲುಬೆಯ ಮೇಲೆ ಆತನ ತುಟಿಗೆ ಮುಟ್ಟಿದ್ದು ಹುಳಿರಸ. ನಮ್ಮ ಕಹಿಯನ್ನು ಆತನು ದೂರದಿಂದ ನೋಡಿ ಮರುಗಲಿಲ್ಲ; ತಾನೇ ನಾಲಿಗೆಯಲ್ಲಿಟ್ಟು ಕಡೆಯ ತನಕ ತಿಳಿದನು. ಆದದರಿಂದಲೇ ಬಾಯಿ ಬೇವಾದವರನ್ನೂ ತನ್ನ ಮೇಜಿಗೆ ಕರೆಯುವ ಅಧಿಕಾರ ಆತನಿಗುಂಟು.

ಆದಕಾರಣ, ಪ್ರಿಯರೇ, ದುಃಖದ ಮನೆಗೆ ಹೋಗುವಾಗ ಸಿಹಿಮಾತುಗಳನ್ನು ಹೊತ್ತುಕೊಂಡು ಹೋಗಬೇಡಿರಿ. ಗಂಜಿಯನ್ನು ತೆಗೆದುಕೊಂಡು ಹೋಗಿರಿ, ಮೌನವಾಗಿ ಪಕ್ಕದಲ್ಲಿ ಕುಳಿತುಕೊಳ್ಳಿರಿ. ನಿಮ್ಮ ಸ್ವಂತ ಬಾಯಿ ಕಹಿಯಾದರೆ ಸಿಹಿಯೆಂದು ನಟಿಸಬೇಡಿರಿ. ಆದರೆ ಊಟ ಬಿಡಬೇಡಿರಿ. ವಾಕ್ಯವನ್ನೂ ಪ್ರಾರ್ಥನೆಯನ್ನೂ ಕರ್ತನ ಭೋಜನವನ್ನೂ ತುತ್ತು ತುತ್ತಾಗಿ ತೆಗೆದುಕೊಳ್ಳಿರಿ. ಸಿಹಿ ತಡವಾಗಬಹುದು. ಸವಿ ಈ ಹೊತ್ತೇ ಉಂಟು.

ಕರುಣೆಯುಳ್ಳ ಕರ್ತನೇ, ನಮಗೋಸ್ಕರ ಕಹಿಯನ್ನು ತಿಳಿದಾತನೇ, ಅಳುವವರ ಮನೆಗಳಿಗೆ ನಮ್ಮನ್ನು ನಿನ್ನ ಕೈಯ ಗಂಜಿಯಾಗಿ ಕಳುಹಿಸು. ನಮ್ಮ ನಾಲಿಗೆಗೆ ರುಚಿ ತಪ್ಪಿದ ದಿನದಲ್ಲಿಯೂ ನಿನ್ನ ಮೇಜನ್ನು ಬಿಟ್ಟು ಏಳದಂತೆ ನಮ್ಮನ್ನು ಹಿಡಿದುಕೋ. ಆಮೆನ್.