ಕಣ್ಣು ಕಾಣದ ಭಿಕ್ಕು ಕೊಟ್ಟ ಸುರುಳಿ



ಇಂದಿನ ಚಿಂತನೆ ಪಂಚಶೀಲದ ಎರಡನೆಯ ಶೀಲದ ಬಗ್ಗೆ. ಆದರೆ ಶುರು ಮಾಡುವುದು ಒಂದು ಕಂಪ್ಯೂಟರ್ ಆಟದಿಂದ. ಹಿರಿಯರು ನಗಬೇಡಿ. ನಮ್ಮ ಮನೆಯ ಹುಡುಗರು ರಾತ್ರಿ ಹನ್ನೊಂದರವರೆಗೆ ಯಾವ ಲೋಕದಲ್ಲಿ ತಿರುಗುತ್ತಿರುತ್ತಾರೆ ಎನ್ನುವುದು ನಮಗೂ ಸ್ವಲ್ಪ ಗೊತ್ತಿರಲಿ.

ರಜೆಗೆ ಬಂದಿದ್ದ ನನ್ನ ತಂಗಿಯ ಮಗ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಆಬ್ಲಿವಿಯನ್’ ಎಂಬ ಆಟ ಆಡುತ್ತಿದ್ದ. 2006ರಲ್ಲಿ ಬಂದ ಆಟ, ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯ ನಾಲ್ಕನೆಯದು. ರಾಜ, ಕೋಟೆ, ಮಂತ್ರ, ಮಾಯೆ ಎಲ್ಲ ಇರುವ ಕಲ್ಪನೆಯ ನಾಡು. ಅದರಲ್ಲಿ ಕಳ್ಳರದೇ ಒಂದು ಸಂಘವಿದೆ. ಆ ಸಂಘ ಒಪ್ಪಿಸುವ ಕೊನೆಯ ಕೆಲಸವೆಂದರೆ ಚಕ್ರವರ್ತಿಯ ಅರಮನೆಗೆ ನುಗ್ಗಿ ಒಂದು ಪವಿತ್ರ ಗ್ರಂಥದ ಸುರುಳಿಯನ್ನು ಕದ್ದು ತರುವುದು. ಅದನ್ನು ಮುಗಿಸಿದ ದಿನ ಅವನಿಗೆ ಹಬ್ಬ. “ಮಾವ, ಒಬ್ಬರನ್ನೂ ಕೊಲ್ಲದೆ ಮುಗಿಸಿದೆ” ಎಂದು ಎರಡು ಸಲ ಹೇಳಿದ.

ಅದು ಸುಮ್ಮನೆ ಹೇಳಿದ ಮಾತಲ್ಲ. ಆ ಕಳ್ಳರ ಸಂಘಕ್ಕೂ ಮೂರು ಕಟ್ಟಳೆಗಳಿವೆ. ಸಂಘದವರಿಂದ ಕದಿಯಬಾರದು, ಕೆಲಸದ ಮೇಲಿದ್ದಾಗ ಕೊಲ್ಲಬಾರದು, ಬಡವರ ಮನೆಗೆ ಕೈ ಹಾಕಬಾರದು. ತಪ್ಪಿದರೆ ದಂಡ. ಬೆಕ್ಕಿನ ಹಾಗೆ ಬಗ್ಗಿ ನಡೆಯಬೇಕು. ಪರದೆಯ ಮೇಲೆ ಒಂದು ಕಣ್ಣಿನ ಗುರುತು ಇರುತ್ತದೆ. ಯಾರಾದರೂ ನಮ್ಮನ್ನು ಕಂಡರೆ ಅದು ಬೆಳಗುತ್ತದೆ, ಕಾಣದಿದ್ದರೆ ಮಂಕಾಗುತ್ತದೆ. ಚರಂಡಿಯ ದಾರಿ, ಮರೆತುಹೋದ ಸುರಂಗ, ದೂರದ ಗುರಿಗೆ ತಾಗಿ ಬಾಗಿಲು ತೆರೆಸುವ ಒಂದು ಬಾಣ, ಎತ್ತರದಿಂದ ಜಿಗಿದರೆ ಪೆಟ್ಟನ್ನೆಲ್ಲ ತಾನೇ ತಿನ್ನುವ ಒಂದು ಜೊತೆ ಬೂಟು. ಹುಡುಗನ ತಾಳ್ಮೆ ನೋಡಿ ನನಗೇ ಆಶ್ಚರ್ಯವಾಯಿತು. ವ್ಯಾಕರಣಕ್ಕೆ ಇದರಲ್ಲಿ ಅರ್ಧ ತಾಳ್ಮೆ ಇದ್ದಿದ್ದರೆ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ದೃಶ್ಯ. ಸುರುಳಿಗಳು ಇರುವ ಗ್ರಂಥಾಲಯವನ್ನು ನೋಡಿಕೊಳ್ಳುವವರು ಭಿಕ್ಕುಗಳಂಥವರು. ಆ ಸುರುಳಿಗಳನ್ನು ಓದಿ ಓದಿ ಕಣ್ಣು ಕಳೆದುಕೊಂಡವರು. ಕಳ್ಳ ಅಲ್ಲಿ ಬೀಗ ಒಡೆಯುವುದಿಲ್ಲ, ಕತ್ತಿ ಹಿರಿಯುವುದಿಲ್ಲ. ಹೇಳಿದ ಕುರ್ಚಿಯಲ್ಲಿ ಹೋಗಿ ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ಅಂದು ಓದಲು ಬರಬೇಕಾಗಿದ್ದವರು ಇವರೇ ಎಂದು ನಂಬಿ, ಕಣ್ಣು ಕಾಣದ ಆ ಮುದುಕ ತಾನಾಗಿ ಸುರುಳಿಯನ್ನು ತಂದು ಕೈಗೆ ಇಡುತ್ತಾನೆ.

ಈಗ ಶೀಲಕ್ಕೆ ಬರೋಣ. ನಾವು ದಿನಾ ಹೇಳುವ ಎರಡನೆಯ ಶೀಲದಲ್ಲಿರುವ ಪದ ‘ಅದಿನ್ನಾದಾನ’. ದಿನ್ನ ಎಂದರೆ ಕೊಟ್ಟದ್ದು, ಅದಿನ್ನ ಎಂದರೆ ಕೊಡದೇ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. ಕನ್ನಡದಲ್ಲಿ ನಾವು ‘ಕಳ್ಳತನ’ ಎಂದು ಅನುವಾದಿಸಿ ಮುಂದೆ ಹೋಗುತ್ತೇವೆ. ಪಾಳಿಯ ಮಾತು ಅದಕ್ಕಿಂತ ಅಗಲ. ಹಾಗಾದರೆ ಆ ಮುದುಕ ಕೊಟ್ಟನಲ್ಲ? ಕೊಟ್ಟದ್ದನ್ನು ತೆಗೆದುಕೊಂಡರೆ ಶೀಲ ಮುರಿಯುತ್ತದೆಯೇ?

ಈ ಪ್ರಶ್ನೆ ಹೊಸದಲ್ಲ. ವಿನಯಪಿಟಕದಲ್ಲಿ ಕಳ್ಳತನದ ಬಗ್ಗೆ ನಿಯಮ ಹುಟ್ಟಿದ್ದೇ ಇಂಥ ಒಂದು ಪ್ರಕರಣದಿಂದ. ಮೊದಲ ಆರೋಪಿ ಗೋಡೆ ಕೊರೆದವನಲ್ಲ, ಮಾತಿನಿಂದ ಕೊಡಿಸಿಕೊಂಡವನು. ಅವನ ಹೆಸರು ಧನಿಯ, ಕುಂಬಾರನ ಮಗ, ಭಿಕ್ಕು. ರಾಜಗೃಹದ ಬೆಟ್ಟದ ಇಳಿಜಾರಿನಲ್ಲಿ ಹುಲ್ಲಿನ ಗುಡಿಸಲು ಕಟ್ಟಿಕೊಂಡಿದ್ದ. ಅವನು ಭಿಕ್ಷೆಗೆ ಹೋದಾಗ ಹುಲ್ಲು ಸೌದೆಯವರು ಬಂದು ಅದನ್ನು ಕಿತ್ತುಕೊಂಡು ಹೋಗುತ್ತಿದ್ದರು. ಮೂರು ಸಲ ಹೀಗಾಯಿತು. ಕುಲದ ಕಸುಬು ಕೈಯಲ್ಲಿತ್ತು, ಮಣ್ಣಿನದೇ ಮನೆ ಮಾಡಿ ಸುಟ್ಟು ಗಟ್ಟಿ ಮಾಡಿದ. ಅದು ಭಿಕ್ಕುವಿಗೆ ತಕ್ಕದ್ದಲ್ಲವೆಂದು ಬುದ್ಧರು ಒಡೆಸಿದರು. ಕೊನೆಗೆ ಮರದ ಮನೆ ಕಟ್ಟಲು ಹೊರಟ.

ಬಿಂಬಿಸಾರ ರಾಜನ ಮರದ ಉಗ್ರಾಣಕ್ಕೆ ಒಬ್ಬ ಕಾವಲಿನವನಿದ್ದ. ಆ ಮರ ನಗರದ ದುರಸ್ತಿಗೆ ಇಟ್ಟದ್ದು, ರಾಜರು ಕೊಟ್ಟಿದ್ದರೆ ತೆಗೆದುಕೊಳ್ಳಿ ಎಂದ. ರಾಜರು ಕೊಟ್ಟಿದ್ದಾರೆ ಎಂದ ಧನಿಯ. ಬುದ್ಧರ ಭಿಕ್ಕು ಸುಳ್ಳು ಹೇಳುತ್ತಾನೆಯೇ? ಕಾವಲಿನವನು ನಂಬಿದ, ಮರ ಕೊಟ್ಟ. ಧನಿಯ ಕಡಿದು ಗಾಡಿಯಲ್ಲಿ ಸಾಗಿಸಿದ.

ಆಮೇಲೆ ಮಂತ್ರಿ ವಸ್ಸಕಾರ ಬಂದು ನೋಡಿದರೆ ಮರವಿಲ್ಲ. ಹಿಡಿದು ಕಟ್ಟಿದ್ದು ಯಾರನ್ನು? ಕಾವಲಿನವನನ್ನು. ಕೈಕಟ್ಟಿ ಕರೆದೊಯ್ಯುತ್ತಿದ್ದಾಗ ಧನಿಯ ದಾರಿಯಲ್ಲಿ ಕಂಡ, ಏಕೆ ಕಟ್ಟಿದ್ದಾರೆಂದು ಕೇಳಿದ. ಅದೇ ಮರದ ಕೆಲಸಕ್ಕೆ ಎಂದ ಅವನು. ನೀನು ನಡೆ, ನಾನೂ ಬರುತ್ತೇನೆ ಎಂದ ಧನಿಯ. ನನ್ನನ್ನು ಕೊಲ್ಲುವ ಮೊದಲು ಬನ್ನಿ ಸ್ವಾಮಿ ಎಂದು ಕಾವಲಿನವನು ಬೇಡಿಕೊಂಡ. ವಿನಯದ ಪಠ್ಯದಲ್ಲಿ ಈ ಸಾಲಿಗೆ ಬಂದಾಗ ನಾನು ಪ್ರತಿ ಸಲ ನಿಲ್ಲುತ್ತೇನೆ. ಕಾನೂನಿನ ಪುಸ್ತಕದಂಥ ಗ್ರಂಥದ ನಡುವೆ ಒಬ್ಬ ಕೂಲಿಯವನ ಜೀವಭಯವನ್ನು ಯಾರೋ ಮರೆಯದೆ ಬರೆದಿಟ್ಟಿದ್ದಾರೆ.

ಧನಿಯ ಹೋದ. ಪಟ್ಟಾಭಿಷೇಕದ ದಿನ ಶ್ರಮಣರಿಗೆ ಹುಲ್ಲು, ಮರ, ನೀರು ಕೊಟ್ಟಿದ್ದೇನೆ ಎಂದು ನೀವೇ ಹೇಳಿದ್ದಿರಿ ಎಂದು ರಾಜನ ಮುಂದೆ ವಾದಿಸಿದ. ಅದು ಕಾಡಿನಲ್ಲಿ ಒಡೆಯರಿಲ್ಲದೆ ಬಿದ್ದದ್ದರ ಬಗ್ಗೆ ಹೇಳಿದ ಮಾತು ಎಂದ ಬಿಂಬಿಸಾರ. ಶ್ರಮಣನೆಂದು ಬಿಟ್ಟ. ಜನ ಬಿಡಲಿಲ್ಲ, ಬೀದಿಯಲ್ಲಿ ಆಡಿಕೊಂಡರು. ಬುದ್ಧರು, ಮೊದಲು ನ್ಯಾಯದ ಅಧಿಕಾರಿಯಾಗಿದ್ದು ಆಮೇಲೆ ಭಿಕ್ಕುವಾಗಿದ್ದ ಒಬ್ಬರನ್ನು ಕರೆದು, ರಾಜ ಎಷ್ಟು ಬೆಲೆಯ ಕಳವಿಗೆ ಶಿಕ್ಷೆ ಕೊಡುತ್ತಾನೆ ಎಂದು ಕೇಳಿದರು. ಒಂದು ಪಾದ, ಎಂದರೆ ಆಗಿನ ರಾಜಗೃಹದಲ್ಲಿ ಐದು ಮಾಸಕ. ಅಷ್ಟು ಕದ್ದ ಭಿಕ್ಕು ಇನ್ನು ಮುಂದೆ ಸಂಘದಲ್ಲಿ ಇರುವಂತಿಲ್ಲ ಎಂದು ನಿಯಮವಾಯಿತು. ಕೊಟ್ಟನಲ್ಲ ಎಂಬ ವಾದ ನಡೆಯಲಿಲ್ಲ.

ಅಟ್ಠಕಥೆಗಳು ಇದನ್ನು ಐದು ಅಂಗಗಳಾಗಿ ಬಿಡಿಸುತ್ತವೆ. ವಸ್ತು ಬೇರೆಯವರದಾಗಿರಬೇಕು, ಬೇರೆಯವರದೆಂದು ಗೊತ್ತಿರಬೇಕು, ಕದಿಯುವ ಮನಸ್ಸಿರಬೇಕು, ಪ್ರಯತ್ನ ನಡೆದಿರಬೇಕು, ಆ ಪ್ರಯತ್ನದಿಂದ ವಸ್ತು ಜಾಗ ಬಿಟ್ಟಿರಬೇಕು. ಈ ಲೆಕ್ಕದಲ್ಲಿ ನಮ್ಮ ಹುಡುಗ ಶೀಲ ಮುರಿದಿಲ್ಲ. ಆ ಸುರುಳಿಗೆ ಒಡೆಯರಿಲ್ಲ, ಅದು ಎಲ್ಲಿಗೂ ಹೋಗಿಲ್ಲ. ‘ಬುದ್ಧರು ಆಟಗಳನ್ನು ಬೈದಿದ್ದಾರೆ’ ಎಂದು ಯಾರಾದರೂ ಬ್ರಹ್ಮಜಾಲ ಸುತ್ತ ತೋರಿಸಿದರೆ, ಆ ಪಟ್ಟಿ ಭಿಕ್ಕುಗಳ ನಡತೆಯ ಬಗ್ಗೆ ಎಂದು ನೆನಪಿಸಿ. ಲ್ಯಾಪ್‌ಟಾಪ್ ಕಿತ್ತಿಡಲು ಶೀಲವನ್ನು ದೊಣ್ಣೆ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ಒಂದು ಮಾತು ಕೇಳಿದೆ: “ಆ ಮುದುಕ ಭಿಕ್ಕು ಆಮೇಲೆ ಏನಾದ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಅದು ಕ್ವೆಸ್ಟಿನಲ್ಲಿ ಬರಲ್ಲ ಮಾವ” ಎಂದ.

ಅದು ಬರದೇ ಇರುವುದೇ ನನಗೆ ಮುಖ್ಯ. ಈ ಬಗೆಯ ಆಟಗಳಲ್ಲಿ ಕಾವಲುಗಾರ ಎಂದರೆ ಓಡಾಡುವ ಒಂದು ಅಡ್ಡಿ. ಬೆನ್ನು ತಿರುಗಿಸುವವರೆಗೆ ಕಾಯಬೇಕು, ಅಷ್ಟೇ. ಅವನಿಗೆ ಮನೆ ಇಲ್ಲ, ಊಟದ ಹೊತ್ತಿಲ್ಲ. ನಾವು ಇರುವುದು ಎಲ್ಲಿ? ಭರಮಸಾಗರದಿಂದ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ದುರ್ಗ. ಆ ಕೋಟೆಯಲ್ಲಿ ಇಂದಿಗೂ ಜನ ಬಗ್ಗಿ ನೋಡುವ ಒಂದು ಕಿಂಡಿ ಇದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ, ಸದ್ದಿಲ್ಲದೆ, ತಲೆ ತಗ್ಗಿಸಿ ನುಸುಳಿದರು ಎನ್ನುವುದು ಆ ಕಿಂಡಿಯಲ್ಲೇ. ಆಟದ ಹುಡುಗರು ಮಾಡುವುದೂ ಅದನ್ನೇ. ನಮ್ಮ ಜಿಲ್ಲೆ ನೆನಪಿಟ್ಟಿರುವುದು ನುಸುಳಿದವರನ್ನಲ್ಲ. ಕಾವಲುಗಾರ ಮುದ್ದಹನುಮ ಊಟಕ್ಕೆ ಬಂದಿದ್ದ, ನೀರಿಗೆಂದು ಹೋದ ಅವನ ಹೆಂಡತಿಗೆ ಪಿಸುಮಾತು ಕೇಳಿಸಿತು, ಕೈಗೆ ಸಿಕ್ಕಿದ್ದು ಒನಕೆ. ಓಬವ್ವ ಛಲವಾದಿ ಮನೆಯ ಹೆಣ್ಣುಮಗಳು, ನಮ್ಮವಳು. 2021ರಿಂದ ಸರ್ಕಾರವೇ ನವೆಂಬರ್ 11ರಂದು ಅವಳ ಜಯಂತಿ ಮಾಡುತ್ತಿದೆ. (ಮೊದಲ ಶೀಲದ ಪ್ರಶ್ನೆ ಎತ್ತುವವರಿಗೆ: ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅನಿವಾರ್ಯತೆ ಬೇರೆ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸಿದ್ದಾರೆ. ಅದು ಇನ್ನೊಂದು ದಿನದ ಚಿಂತನೆ.)

ಓಬವ್ವನ ಮನೆಯೊಂದೇ ಅಲ್ಲ. ಊರಿನ ತೋಟಿಕೆ ತಲೆತಲಾಂತರ ಯಾರ ಹೆಗಲ ಮೇಲಿತ್ತು? ಕಣ ಕಾಯುವುದು, ಎಲ್ಲೆ ತೋರಿಸುವುದು, ರಾತ್ರಿ ಸುತ್ತುವುದು, ಸಾವಿನ ಸುದ್ದಿ ಒಯ್ಯುವುದು. ರಾಶಿಯಲ್ಲಿ ಒಂದು ಮೂಟೆ ಕಡಿಮೆಯಾದರೆ ಮೊದಲ ಏಟು ಯಾರ ಬೆನ್ನಿಗೆ ಬೀಳುತ್ತಿತ್ತು ಎಂದು ನಿಮ್ಮ ಮನೆಯ ಅಜ್ಜಂದಿರನ್ನು ಕೇಳಿ. ಮುಂಬೈ ಪ್ರಾಂತ್ಯದಲ್ಲಿ ಮಹಾರರಿಗಿದ್ದ ಇಂಥದೇ ವತನದ ಚಾಕರಿಯನ್ನು ಬದಲಿಸಲು ಬಾಬಾಸಾಹೇಬರು 1928ರಲ್ಲಿ ವಿಧಾನ ಪರಿಷತ್ತಿಗೆ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ರಾಜಗೃಹದಲ್ಲಿ ಕೈಕಟ್ಟಿಸಿಕೊಂಡು ಹೋದವನ ಕಡೆಯವರು ನಾವು. ಆ ಕಥೆಯನ್ನು ಧನಿಯನ ಹೆಗಲ ಮೇಲಿಂದ ಓದುವುದು ನಮಗೆ ಹೇಗೆ ಸಾಧ್ಯ?

ಇವತ್ತಿಗೂ ಕಣ್ಣು ಕಾಣದವರಿಂದ ಕೊಡಿಸಿಕೊಳ್ಳುವ ಕೆಲಸ ನಡೆದೇ ಇದೆ. ಬ್ಯಾಂಕಿನವರೆಂದು ಫೋನ್ ಮಾಡಿದರೆ ನಮ್ಮ ಅಮ್ಮಂದಿರು ತಾವೇ ಓಟಿಪಿ ಓದಿ ಹೇಳುತ್ತಾರೆ. ಇನ್ನೊಂದು ನಮಗೆ ಇದಕ್ಕಿಂತ ಹತ್ತಿರದ್ದು, ಸುಳ್ಳು ಜಾತಿ ಪ್ರಮಾಣಪತ್ರ. ನಮ್ಮ ಹೆಸರು ಹೇಳಿಕೊಂಡು ನಮ್ಮ ಕುರ್ಚಿಯಲ್ಲಿ ಸುಮ್ಮನೆ ಕೂತವರಿಗೆ ಸೀಟು, ನೌಕರಿ ತಾನಾಗಿ ಕೈಗೆ ಬರುತ್ತದೆ. ಕಾಗದದ ಮೇಲೆ ಸೀಲಿದೆ, ಸಹಿಯಿದೆ, ‘ಕೊಟ್ಟಿದ್ದಾರೆ’ ಎಂಬ ವಾದವಿದೆ. ಇದನ್ನು ತನಿಖೆ ಮಾಡಲೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ, ದೂರು ಕೊಡಬಹುದು. ಪಿಸುಮಾತು ಕೇಳಿಸಿಕೊಳ್ಳುವ ಕಿವಿ ಮಾತ್ರ ನಮ್ಮದೇ ಆಗಿರಬೇಕು.

ಒಂದು ತಕರಾರು ಉಳಿಯುತ್ತದೆ. ಹುಡುಗನೇ ಅದನ್ನು ಎತ್ತಿದ. ಆಟದಲ್ಲಿ ಆ ಸುರುಳಿಯನ್ನು ಕದಿಯಿಸಿದ ನಾಯಕ ದುಡ್ಡಿಗಾಗಿ ಮಾಡಿಸಿದ್ದಲ್ಲ. ಅವನ ಮೇಲೊಂದು ಶಾಪ. ಮುಖ ತೋರಿಸಿದರೂ, ಹೆಸರು ಹೇಳಿದರೂ ಯಾರಿಗೂ ಗುರುತು ಹತ್ತದು, ಕಟ್ಟಿಕೊಂಡ ಹೆಂಡತಿಗೂ. ಕಳೆದುಹೋದ ಹೆಸರನ್ನು ಮರಳಿ ಪಡೆಯಲು ಅವನಿಗೆ ಆ ಸುರುಳಿ ಬೇಕಿತ್ತು. “ಅವನಿಗೆ ಬೇರೆ ದಾರಿ ಏನಿತ್ತು ಮಾವ?” ಎಂದ. ಸುಲಭದ ಪ್ರಶ್ನೆಯಲ್ಲ. ಹೆಸರು ಕಳೆದುಕೊಂಡವರ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನಿಗೆ ಮಹಾಡಿನ ಕಥೆ ಹೇಳಿದೆ. ಚವದಾರ ಕೆರೆಯ ನೀರು ನಮ್ಮವರಿಗೂ ಸೇರಿದ್ದೆಂದು ಮುಂಬೈ ವಿಧಾನ ಪರಿಷತ್ತಿನ 1923ರ ಬೋಳೆ ಠರಾವಿನಿಂದಲೇ ಆಗಿತ್ತು, ಆದರೂ ಮುಟ್ಟಲು ಬಿಡುತ್ತಿರಲಿಲ್ಲ. ರಾತ್ರಿ ಹೋಗಿ ಒಂದು ಕೊಡ ತುಂಬಿಕೊಂಡು ಬರುವುದು ಕಷ್ಟವಿರಲಿಲ್ಲ, ಯಾರ ಕಣ್ಣಿಗೂ ಬೀಳದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಹಗಲು ಹೊತ್ತಿನಲ್ಲಿ ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ನಡೆದುಹೋಗಿ, ಊರೆಲ್ಲ ನೋಡುತ್ತಿರುವಾಗ, ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಆಮೇಲೆ ಏಟುಗಳೂ ಬಿದ್ದವು, ಕೋರ್ಟಿನ ವರ್ಷಗಳೂ ಬಂದವು. ಹುಡುಗ ಈಗ ಆ ಕೋರ್ಟಿನ ಕಥೆ ಪೂರ್ತಿ ಹೇಳು ಎಂದು ಹಿಂದೆ ಬಿದ್ದಿದ್ದಾನೆ. ಭಾನುವಾರದ ಬುದ್ಧ ವಂದನೆಯ ಬಳಿಕ ಅದನ್ನೇ ಓದೋಣ, ಮನೆಯ ಹುಡುಗರನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.