ಎರಡು ದೃಶ್ಯಗಳ ನಡುವೆ

ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ನಟನೊಬ್ಬನ ನಿರ್ಭಾವದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆಗೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆಗೆ ಜೋಡಿಸಿ ತೋರಿಸಿದ. ನೋಡಿದವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ದುಃಖವನ್ನೂ ಕಂಡು ನಟನನ್ನು ಮೆಚ್ಚಿಕೊಂಡರಂತೆ. ಮುಖ ಮಾತ್ರ ಒಂದೇ.

ಸಿನಿಮಾದಲ್ಲಿ ಇದು ಕಲೆ. ಟಿಕೆಟ್ ಕೊಳ್ಳುವಾಗಲೇ ಇದು ಕಟ್ಟಿದ ಕತೆಯೆಂದು ನಾವು ಒಪ್ಪಿರುತ್ತೇವೆ. ಸುದ್ದಿವಾಹಿನಿಯೊಂದಿಗೆ ಅಂಥ ಒಪ್ಪಂದವಿಲ್ಲ. ಪೊಲೀಸ್ ವ್ಯಾನಿನಿಂದ ಇಳಿಯುವ ಕೊಲೆ ಆರೋಪಿಯ ಬೆನ್ನಿಗೇ, ಮಗನನ್ನು ಕಳೆದುಕೊಂಡ ತಾಯಿಯ ಅಳು ಬಂದರೆ ಅವನ ಮೌನ ನನಗೆ ಕ್ರೌರ್ಯವಾಗಿ ಕಾಣುತ್ತದೆ. ಅಲ್ಲಿ ಅವನ ತಾಯಿಯನ್ನೇ ತೋರಿಸಿದ್ದರೆ ಅದೇ ಮೌನ ಸಂಕಟವಾಗುತ್ತಿತ್ತು. ಯಾವ ದೃಶ್ಯವೂ ಸುಳ್ಳಲ್ಲ. ತೀರ್ಪು ಹುಟ್ಟುವುದು ಅವುಗಳ ಬೆಸುಗೆಯಲ್ಲಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಟಿವಿ ನಮಗೆ ಕೊಡುವುದು ಪ್ರತ್ಯಕ್ಷವನ್ನೇ. ಪ್ರಮಾಣಿಸುವಷ್ಟು ಹೊತ್ತನ್ನು ಕೊಡುವುದಿಲ್ಲ. ಹಾಗೆಂದು ಹೊಣೆಯನ್ನೆಲ್ಲ ವಾಹಿನಿಯ ಮೇಲೆ ಹೊರಿಸಲಾರೆ. ದೃಶ್ಯಗಳನ್ನು ಬೆಸೆದವರು ಅವರು, ನಡುವಿನ ಖಾಲಿಯಲ್ಲಿ ಅರ್ಥ ತುಂಬಿದ್ದು ನನ್ನ ಮನಸ್ಸು.

ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎಂಬ ತತ್ವವನ್ನು ನ್ಯಾಯಾಧೀಶರು ಪಾಲಿಸಿದರಷ್ಟೇ ಸಾಲದು. ವರ್ಷಗಳ ನಂತರ ಅವನು ಖುಲಾಸೆಯಾಗಿ ಬಂದರೆ ಬಾಡಿಗೆಗೆ ಮನೆ ಕೊಡಬೇಕಾದವರು, ಕೆಲಸ ಕೊಡಬೇಕಾದವರು ನಾವು. ಬಾಗಿಲು ತೆರೆದಾಗ ನಮಗೆ ನೆನಪಾಗುವುದು ತೀರ್ಪೋ, ವ್ಯಾನಿನಿಂದ ಇಳಿದ ಆ ಮುಖವೋ?